ಕೊಂಡಿ ಹೆಣೆಯುವವರ ಪ್ರಶ್ನೆಗಳು

ಲೋಹದ ಸಣ್ಣ ಕೊಂಡಿಗಳನ್ನು ಒಂದರೊಳಗೊಂದು ಸೇರಿಸಿ ಮಾಡುವ ಸರ, ಬ್ರೇಸ್‌ಲೆಟ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇವೆ.

ಪ್ರಶ್ನೆ: ವಿಡಿಯೊ ನೋಡಿ 18 ಗೇಜ್ ಹಿತ್ತಾಳೆ ತಂತಿಯಲ್ಲಿ 4 ಮಿ.ಮೀ. ಒಳ ಅಳತೆಯ ಕೊಂಡಿ ಮಾಡಿಕೊಂಡು ಜೋಡಿ ಕೊಂಡಿಗಳನ್ನು ಮಡಚಿ ಗಂಟು ಹಾಕುತ್ತ ಹೋಗುವ ಬೈಜಾಂಟೈನ್ ಹೆಣಿಗೆ ಶುರು ಮಾಡಿದೆ. ಅವರ ಸರ ಸಲೀಸಾಗಿ ಬಾಗುತ್ತದೆ, ನನ್ನದು ಸೆಟೆದು ನಿಲ್ಲುತ್ತದೆ. ಕೆಲವು ಕಡೆ ಕೊನೆಯ ಕೊಂಡಿ ತೂರುವುದೇ ಇಲ್ಲ. ಅಳತೆ ಒಂದೇ ಅಲ್ಲವೇ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಒಂದೇ ಅಲ್ಲ. ಅಮೆರಿಕದವರ ವಿಡಿಯೊ ಆಗಿದ್ದರೆ ಅವರ 18 ಗೇಜ್ ಅಂದರೆ ಎಡಬ್ಲ್ಯುಜಿ (ಅಮೆರಿಕನ್ ವೈರ್ ಗೇಜ್) ಲೆಕ್ಕ, ತಂತಿಯ ದಪ್ಪ 1.02 ಮಿ.ಮೀ. ನಮ್ಮಲ್ಲಿ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಎಸ್‌ಡಬ್ಲ್ಯುಜಿ, ಅಂದರೆ ಬ್ರಿಟಿಷರ ಸ್ಟ್ಯಾಂಡರ್ಡ್ ವೈರ್ ಗೇಜ್. ಅದರಲ್ಲಿ 18 ಅಂದರೆ 1.22 ಮಿ.ಮೀ. ಕೊಂಡಿಯ ಒಳ ಅಳತೆಯನ್ನು ತಂತಿಯ ದಪ್ಪದಿಂದ ಭಾಗಿಸಿ ನೋಡಿ: ಅವರಿಗೆ 3.9 ಬರುತ್ತದೆ, ನಿಮಗೆ 3.3 ಕೂಡ ಬರುವುದಿಲ್ಲ. ಹೆಣಿಗೆ ಕೂಡುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಭಾಗಲಬ್ಧವೇ. ಬೈಜಾಂಟೈನ್‌ಗೆ 3.5ರ ಆಸುಪಾಸು ಚೆನ್ನ. ಒಂದು ಕೊಂಡಿಗೆ ನಾಲ್ಕು ಕೊಂಡಿ ಸೇರುವ ಬಟ್ಟೆಯಂಥ ಯುರೋಪಿಯನ್ ಹೆಣಿಗೆಗೆ 4ರಿಂದ 5 ಇದ್ದರೆ ಮೈಗೆ ಒಗ್ಗಿ ಬೀಳುತ್ತದೆ.

ಇನ್ನು ಮುಂದೆ ಗೇಜ್ ನಂಬರನ್ನು ನಂಬಬೇಡಿ. ವರ್ನಿಯರ್ ಕ್ಯಾಲಿಪರ್‌ನಲ್ಲಿ ತಂತಿ ಅಳೆದುಕೊಳ್ಳಿ. ಈಗಿರುವ 4 ಮಿ.ಮೀ. ಕೊಂಡಿಗಳು ಬಿಗಿಯಾದ ಬೇರೆ ಹೆಣಿಗೆಗೆ ಆಗುತ್ತವೆ, ಎಸೆಯಬೇಡಿ.

ಪ್ರಶ್ನೆ: ಕೊಂಡಿಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದಿದ್ದೇನೆ. ಒಂದು ಬ್ರೇಸ್‌ಲೆಟ್‌ಗೆ ಎಷ್ಟು ತಂತಿ ಬೇಕು, ಏನೇನು ಸಾಮಾನು ಬೇಕು?
— ಓದುಗರೊಬ್ಬರು, ಮದ್ದೂರು

ಉತ್ತರ: ಸ್ವೆಟರ್ ಹೆಣೆಯುವ ಕಡ್ಡಿಗಳಿದ್ದರೆ ಅರ್ಧ ಕೆಲಸ ಆಯಿತು. ಹಳೆಯ ಲೆಕ್ಕದ 7ನೇ ನಂಬರ್ ಕಡ್ಡಿ 4.5 ಮಿ.ಮೀ., ಅದಕ್ಕೆ 18 ಎಸ್‌ಡಬ್ಲ್ಯುಜಿ ತಂತಿ. 10ನೇ ನಂಬರ್ 3.25 ಮಿ.ಮೀ., ಅದಕ್ಕೆ 20 ಎಸ್‌ಡಬ್ಲ್ಯುಜಿ, ಅಂದರೆ 0.91 ಮಿ.ಮೀ. ತಂತಿ. ಎರಡೂ ಜೋಡಿ ಬೈಜಾಂಟೈನ್‌ಗೆ ಹೊಂದುತ್ತವೆ. ಮೊದಲ ಸಲಕ್ಕೆ ದಪ್ಪ ತಂತಿಯೇ ಇರಲಿ, ಕಣ್ಣಿಗೂ ಬೆರಳಿಗೂ ಸುಲಭ. ಪ್ಲಾಸ್ಟಿಕ್ ಕಡ್ಡಿ ಬೇಡ, ಬಾಗುತ್ತದೆ.

ಒಂದು ಕೊಂಡಿಗೆ ಬೇಕಾಗುವ ತಂತಿ, ಒಳ ಅಳತೆಗೆ ತಂತಿಯ ದಪ್ಪ ಕೂಡಿಸಿ 3.14ರಿಂದ ಗುಣಿಸಿದಷ್ಟು. 4.5ಕ್ಕೆ 1.22 ಸೇರಿಸಿದರೆ ಸುಮಾರು 18 ಮಿ.ಮೀ. 150 ಕೊಂಡಿಗೆ 2.7 ಮೀಟರ್ ಆಯಿತು. ಕತ್ತರಿಸುವಾಗ ಹೋಗುವುದನ್ನೂ ಸೇರಿಸಿ 3 ಮೀಟರ್ ತನ್ನಿ. ಹಿತ್ತಾಳೆಯಾದರೆ ಸುಮಾರು 30 ಗ್ರಾಂ. ಒಂದು ಬ್ರೇಸ್‌ಲೆಟ್ ಮುಗಿದು ಕೊಂಚ ಉಳಿಯುತ್ತದೆ.

ತಂತಿಯನ್ನು ಕಡ್ಡಿಯ ಮೇಲೆ ಸಂದಿಲ್ಲದಂತೆ ಬಿಗಿಯಾಗಿ ಸುತ್ತಿ. ಕೈ ಬಿಟ್ಟಾಗ ಸುರುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಗಟ್ಟಿ ತಂತಿಯಲ್ಲಿ ಹೆಚ್ಚು, ಮೆದು ತಾಮ್ರದಲ್ಲಿ ಕಡಿಮೆ. ಆದ್ದರಿಂದ ಭಾಗಲಬ್ಧವನ್ನು ಕಡ್ಡಿಯ ಅಳತೆಯಿಂದಲ್ಲ, ಕತ್ತರಿಸಿದ ಕೊಂಡಿಯ ಅಳತೆಯಿಂದ ಲೆಕ್ಕ ಹಾಕಬೇಕು.

ಕತ್ತರಿಸುವುದರಲ್ಲೇ ಹೆಚ್ಚಿನವರು ಎಡವುವುದು. ಸಾಮಾನ್ಯ ಕಟ್ಟರ್ ತಂತಿಯನ್ನು ಎರಡು ಕಡೆಯಿಂದ ಹಿಸುಕಿ ಕತ್ತರಿಸುತ್ತದೆ, ತುದಿ ಚೂಪಾಗುತ್ತದೆ. ಎರಡು ಚೂಪು ತುದಿ ಸೇರಿದರೂ ನಡುವೆ ಸಂದು ಉಳಿದು ದುಪಟ್ಟದ ಎಳೆ ಕಿತ್ತು ಬರುತ್ತದೆ. ಅಕ್ಕಸಾಲಿಗರ ಕೈಗರಗಸಕ್ಕೆ 2/0 ನಂಬರಿನ ಬ್ಲೇಡ್ ಹಾಕಿ ಸುರುಳಿಯನ್ನು ಉದ್ದಕ್ಕೆ ಕೊಯ್ಯಿರಿ. ಹಲ್ಲು ಹಿಡಿಕೆಯ ಕಡೆಗೆ ಮುಖ ಮಾಡಿರಲಿ, ಬ್ಲೇಡಿಗೆ ಮೇಣ ಸವರಿ. ಗರಗಸ ಇಲ್ಲದಿದ್ದರೆ ಒಂದು ಮುಖ ಚಪ್ಪಟೆಯಾಗಿ ಕತ್ತರಿಸುವ ಫ್ಲಶ್ ಕಟ್ಟರ್ ಕೊಳ್ಳಿ. ಪ್ರತಿ ಕೊಂಡಿಗೂ ಎರಡು ಏಟು: ಮೊದಲು ತುದಿಯನ್ನು ಚಪ್ಪಟೆ ಮಾಡಿ, ಆಮೇಲೆ ಕಟ್ಟರ್ ತಿರುಗಿಸಿ ಅದಕ್ಕೆ ನೇರ ಎದುರು ಕತ್ತರಿಸಿ. ತಂತಿ ಒಂದಿಷ್ಟು ವ್ಯರ್ಥ, ಆದರೆ ಎರಡೂ ತುದಿ ಸಮ. ಸ್ಟೀಲ್ ತಂತಿಗೆ ಮಾತ್ರ ಈ ಕಟ್ಟರ್ ಹಾಕಬೇಡಿ, ಬಾಯಿ ಮುಕ್ಕಾಗುತ್ತದೆ.

ಇನ್ನು ಬೇಕಾದದ್ದು ಒಳಮುಖ ನುಣುಪಾದ ಎರಡು ನೋಸ್ ಪ್ಲೈಯರ್. ಎಲೆಕ್ಟ್ರಿಷಿಯನ್‌ನ ಹಲ್ಲಿರುವ ಪ್ಲೈಯರ್ ಪ್ರತಿ ಕೊಂಡಿಯ ಮೇಲೂ ಗೆರೆ ಬಿಡುತ್ತದೆ.

ಪ್ರಶ್ನೆ: ಸರ್, ಬೈಜಾಂಟೈನ್‌ನಲ್ಲಿ ಮಡಚುವ ಹಂತ ಎಷ್ಟು ಸಲ ನೋಡಿದರೂ ತಲೆಗೆ ಹತ್ತುತ್ತಿಲ್ಲ. ಜೊತೆಗೆ ಎರಡು ದಿನ ಹಾಕಿಕೊಂಡರೆ ಕೊಂಡಿಗಳು ಬಿಚ್ಚಿಕೊಳ್ಳುತ್ತಿವೆ.
— ಓದುಗರೊಬ್ಬರು, ನಾಗಮಂಗಲ

ಉತ್ತರ: ಎರಡೆರಡು ಕೊಂಡಿಯ ಮೂರು ಜೋಡಿಗಳನ್ನು ಸಾಲಾಗಿ ಸೇರಿಸಿ. ಮೊದಲ ಜೋಡಿಗೆ ಬಣ್ಣದ ದಾರ ಕಟ್ಟಿ ಹಿಡಿದುಕೊಳ್ಳಿ. ಮೂರನೇ ಜೋಡಿಯ ಒಂದು ಕೊಂಡಿಯನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಹಿಂದಕ್ಕೆ ಮಡಚಿ ಮೊದಲ ಜೋಡಿಯ ಪಕ್ಕಕ್ಕೆ ತನ್ನಿ. ಈಗ ಮೇಲೆ ಉಳಿದದ್ದು ಎರಡನೇ ಜೋಡಿ. ಅದರ ಎರಡು ಕೊಂಡಿಗಳನ್ನು ಬೆರಳಿನಿಂದ ಅಗಲಿಸಿದರೆ ನಡುವೆ ಮಡಚಿದ ಕೊಂಡಿಗಳ ಅಂಚು ಕಾಣುತ್ತದೆ. ಆ ಎರಡು ಅಂಚುಗಳ ಮೂಲಕ ನಾಲ್ಕನೇ ಜೋಡಿ ತೂರಿಸಿ ಮುಚ್ಚಿ. ಗಂಟು ಬಿತ್ತು. ನಾಲ್ಕನೆಯದೇ ಈಗ ಹೊಸ ಸಾಲಿನ ಮೊದಲ ಜೋಡಿ. ಅದಕ್ಕೆ ಇನ್ನೆರಡು ಜೋಡಿ ಸೇರಿಸಿ ಕೊನೆಯದನ್ನು ಮತ್ತೆ ಮಡಚಿ. ಒಂದೇ ಜೋಡಿ ಸೇರಿಸಿ ಮಡಚಿದರೆ ಅದು ಬಾಕ್ಸ್ ಚೈನ್ ಆಗುತ್ತದೆ. ಅದೂ ಚೆಂದವೇ, ಆದರೆ ನೀವು ಹೊರಟಿದ್ದು ಅಲ್ಲಿಗಲ್ಲ.

ಬಿಚ್ಚಿಕೊಳ್ಳುವುದಕ್ಕೆ ಬಹುಪಾಲು ಕಾರಣ ಮುಚ್ಚುವ ರೀತಿ. ಕೊಂಡಿಯ ಬಾಯನ್ನು ಎಂದಿಗೂ ಎಡಬಲಕ್ಕೆ ಹಿಗ್ಗಿಸಬಾರದು, ದುಂಡು ಕೆಟ್ಟರೆ ಮತ್ತೆ ಬರುವುದಿಲ್ಲ. ಒಂದು ತುದಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಚಿ ತೆರೆಯಿರಿ. ಮುಚ್ಚುವಾಗ ತುದಿಗಳನ್ನು ಒಂದರ ಕಡೆಗೊಂದು ಒತ್ತಿಕೊಂಡೇ, ಸಮವಾಗುವ ಜಾಗ ದಾಟಿ ಕೂದಲೆಳೆಯಷ್ಟು ಆಚೆ ಒಯ್ದು ವಾಪಸ್ ತನ್ನಿ. ತುದಿಗಳು ಉಜ್ಜಿ ‘ಟಕ್’ ಎಂದರೆ ಸರಿಯಾಗಿ ಕೂತಿತು. ಉಗುರು ಆಡಿಸಿ ನೋಡಿ, ಸಿಕ್ಕಿಕೊಂಡರೆ ಇನ್ನೂ ಸಂದಿದೆ. ಯುದ್ಧದ ಕವಚದಲ್ಲಿ ಕೊಂಡಿಯ ತುದಿಗಳನ್ನು ಚಪ್ಪಟೆ ಬಡಿದು ರಿವೆಟ್ ಹಾಕುತ್ತಿದ್ದುದುಂಟು. ಕೈಗೆ ಹಾಕುವ ಸರಕ್ಕೆ ಅಷ್ಟು ಬೇಕಿಲ್ಲ.

ಅಳತೆಯ ಮಾತೊಂದು: ದಪ್ಪ ಸರ ಒಳಗಿನ ಜಾಗ ತಿನ್ನುತ್ತದೆ. ಕೊಕ್ಕೆಯೂ ಸೇರಿ, ಮಣಿಕಟ್ಟಿನ ಸುತ್ತಳತೆಗಿಂತ 2ರಿಂದ 2.5 ಸೆಂ.ಮೀ. ಉದ್ದ ಇರಲಿ.

ಪ್ರಶ್ನೆ: ಬೆಳ್ಳಿಯಲ್ಲಿ ಮಾಡಬಹುದೇ? ಅಶೋಕ ರಸ್ತೆಯ ಅಂಗಡಿಯಲ್ಲಿ ತಂತಿ ಕೇಳುವಾಗ ಏನೆಂದು ಹೇಳಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಮಾಡಬಹುದು, ಆದರೆ ಅದೇ ಅಳತೆಯ ತಾಮ್ರದಲ್ಲಿ ಒಂದು ಪೂರ್ತಿ ಮುಗಿಸಿದ ಮೇಲೆ. ಅಪ್ಪಟ ಬೆಳ್ಳಿ ಬೆಸುಗೆಯಿಲ್ಲದ ಕೊಂಡಿಗೆ ತೀರಾ ಮೆದು, 925 ಕೇಳಿ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಇರುವುದು. ದಪ್ಪವನ್ನು ಮಿಲಿಮೀಟರ್‌ನಲ್ಲೇ ಹೇಳಿ. ತಂತಿಯನ್ನು ಅಚ್ಚಿನ ತೂತಿನಲ್ಲಿ ಕೊನೆಯ ಸಲ ಎಳೆದ ಮೇಲೆ ಕಾಯಿಸಬಾರದು ಎಂದು ಒತ್ತಿ ಹೇಳಿ. ಎಳೆದಾಗ ಬಂದ ಗಡಸುತನ ಕಾಯಿಸಿದರೆ ಹೋಗುತ್ತದೆ. ಗರಗಸದ ಪುಡಿಯನ್ನು ಕಾಗದದ ಮೇಲೆ ಬೀಳಿಸಿಕೊಂಡು ಎತ್ತಿಡಿ, ಅದೂ ಬೆಳ್ಳಿಯೇ.

ಪ್ರಶ್ನೆ: ತಾಮ್ರದ ಸರದಿಂದ ಕೈ ಹಸಿರಾಗುತ್ತದೆ, ಜರ್ಮನ್ ಸಿಲ್ವರ್ ಹಾಕಿದರೆ ತುರಿಕೆ. ಏನು ಮಾಡಲಿ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಹಸಿರು, ಬೆವರಿಗೆ ತಾಮ್ರ ಬಿಡುವ ಲವಣ. ಸೋಪು ಹಾಕಿ ತೊಳೆದರೆ ಹೋಗುತ್ತದೆ. ಹುಣಸೆಹಣ್ಣು, ಉಪ್ಪಿನಲ್ಲಿ ಉಜ್ಜಿದರೆ ಸರ ಬೆಳಗುತ್ತದೆ, ಆದರೆ ಹುಳಿ ಗಂಟುಗಳೊಳಗೆ ಉಳಿದರೆ ವಾರದಲ್ಲಿ ಮತ್ತೆ ಹಸಿರು. ಎರಡು ಮೂರು ನೀರಿನಲ್ಲಿ ಜಾಲಿಸಿ, ಹೇರ್ ಡ್ರೈಯರ್‌ನಿಂದ ಒಣಗಿಸಿ.

ತುರಿಕೆಯ ಮಾತು ಬೇರೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ. ತಾಮ್ರ, ಸತುವಿನ ಜೊತೆ ನಿಕಲ್ ಇದೆ, ನಿಮಗೆ ಆಗದಿರುವುದು ಬಹುಶಃ ಅದೇ. ಮೇಲೆ ವಾರ್ನಿಷ್ ಬಳಿದರೆ ಕೊಂಡಿಗಳು ಉಜ್ಜಿ ಉಜ್ಜಿ ಬೇಗ ಸವೆಯುತ್ತದೆ, ಆ ದಾರಿ ಬೇಡ. ಅಲ್ಯೂಮಿನಿಯಂ ತಂತಿ ಬಳಸಿ ನೋಡಿ. ಹಿತ್ತಾಳೆಯ ಮೂರನೇ ಒಂದರಷ್ಟು ತೂಕ. ಹೊಸದರಲ್ಲಿ ಕೈಗೆ ಕಪ್ಪು ಹತ್ತಿದರೆ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ನಾಲ್ಕಾರು ಸಲ ಕುಲುಕಿ ತೊಳೆಯಿರಿ. ಆದರೆ ಇದಕ್ಕೆ ಹುಣಸೆಹಣ್ಣು ಹಾಕಬೇಡಿ.