ದುರ್ಬೀನು ಯಾರ ಕೈಯಲ್ಲಿದೆ?

ತಿಪಟೂರಿನ ಓದುಗರು: ಸತ್ಯಜಿತ್ ರಾಯ್ ಅವರ ‘ಚಾರುಲತಾ’ದ ನಾಯಕಿ ದುರ್ಬೀನು ಹಿಡಿದು ಬೀದಿಯವರನ್ನೆಲ್ಲ ನೋಡುತ್ತಾಳೆ. ಬೇರೆ ಸಿನಿಮಾಗಳ ಇಣುಕುನೋಟ ಹೇಸಿಗೆ ಹುಟ್ಟಿಸುತ್ತದೆ. ಇಲ್ಲಿ ಯಾಕಿಲ್ಲ?

ಇಲ್ಲಿ ನೋಡುತ್ತಿರುವವಳೇ ಒಳಗೆ ಉಳಿದುಹೋದವಳು, ಅದಕ್ಕೆ. 1964ರ ಈ ಚಿತ್ರ ಟ್ಯಾಗೋರರ ಕತೆಯನ್ನು ಆಧರಿಸಿದ್ದು, 19ನೇ ಶತಮಾನದ ಕಲ್ಕತ್ತೆಯ ಸಿರಿವಂತರ ಮನೆಯಲ್ಲಿ ನಡೆಯುತ್ತದೆ. ಆರಂಭದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಚಾರು ಕರವಸ್ತ್ರಕ್ಕೆ ಕಸೂತಿ ಹಾಕುತ್ತಾಳೆ, ಪುಸ್ತಕ ತಡಕುತ್ತಾಳೆ, ಕೋತಿ ಆಡಿಸುವವನ ಸದ್ದು ಕೇಳಿ ದುರ್ಬೀನು ತಂದು ಅಡ್ಡಪಟ್ಟಿಯ ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ. ಆಮೇಲೆ ಗಂಡ ಭೂಪತಿ ಪುಸ್ತಕದಲ್ಲೇ ಮುಳುಗಿ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವಳತ್ತ ಕಣ್ಣೆತ್ತುವುದಿಲ್ಲ. ಅದೇ ದುರ್ಬೀನಿನಿಂದ ಅವನ ಬೆನ್ನು ನೋಡುತ್ತಾಳೆ. ಕೈ ಕೆಳಗಿಳಿಯುತ್ತಿದ್ದಂತೆ ಕ್ಯಾಮೆರಾ ಸರಕ್ಕನೆ ಹಿಂದೆ ಸರಿಯುತ್ತದೆ. ಕೈಗೆಟಕುವ ಗಂಡನನ್ನು ನೋಡಲೂ ದುರ್ಬೀನು ಬೇಕಾಯಿತಲ್ಲ! ಆ ಚಿತ್ರದ ಹಂಬಲವೆಲ್ಲ ಅಲ್ಲಿದೆ. ಮುಂದೆ ತೋಟದ ಉಯ್ಯಾಲೆಯ ಮೇಲೆ ಕೂತು ಅದನ್ನು ಭೂಪತಿಯ ದಾಯಾದಿ ತಮ್ಮ ಅಮಲನತ್ತ ತಿರುಗಿಸುವ ಹೊತ್ತಿಗೆ ನಾವು ಅವಳ ಪಕ್ಷ ಸೇರಿಯಾಗಿರುತ್ತದೆ.

ಕೋಲಾರದ ಓದುಗರು: ಮೃಣಾಲ್ ಸೆನ್ ಅವರ ‘ಏಕ್ ದಿನ್ ಪ್ರತಿದಿನ್’ನಲ್ಲಿ ಹುಡುಗಿ ರಾತ್ರಿಯೆಲ್ಲ ಎಲ್ಲಿದ್ದಳೆಂದು ಹೇಳುವುದೇ ಇಲ್ಲ. ಇದು ಮೋಸವಲ್ಲವೇ?

ಅಲ್ಲ. ದುಡಿದು ಮನೆ ಸಾಕುವ ಮಗಳು ಒಂದು ರಾತ್ರಿ ಬರಲಿಲ್ಲ ಎಂದರೆ ವಠಾರದ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ. ಬೆಳಗಾಗುವ ಮುನ್ನ ಅವಳು ಬಂದಾಗ ‘ಎಲ್ಲಿದ್ದೆ?’ ಎಂದು ಕೇಳಬೇಕೆನಿಸಿದರೆ ನಾವೂ ಆ ವಠಾರದವರೇ. ಉತ್ತರ ಕೊಡದೆ ನಿರ್ದೇಶಕರು ಅವಳ ಖಾಸಗಿತನವನ್ನು ಅವಳಿಗೇ ಉಳಿಸಿದ್ದಾರೆ.

ಚಿಂತಾಮಣಿಯ ಓದುಗರು: ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ಕಿಟಕಿಯಿಂದ ಬೀದಿ ನೋಡುವ ದೃಶ್ಯ ಎಷ್ಟು ತೆಗೆದರೂ ಕೂಡಿಬರುತ್ತಿಲ್ಲ.

ಮೊಬೈಲಿನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ ಕಿಟಕಿಯ ಪಟ್ಟಿಯೂ ಬೀದಿಯೂ ಒಟ್ಟಿಗೆ ಸ್ಪಷ್ಟವಾಗಿ ಬಿದ್ದು ಕಣ್ಣು ಪಟ್ಟಿಯ ಮೇಲೇ ನಿಲ್ಲುತ್ತದೆ. 2 ಅಥವಾ 3 ಪಟ್ಟು ಹಿಗ್ಗಿಸುವ ಪ್ರತ್ಯೇಕ ಲೆನ್ಸ್ ಇದ್ದರೆ ಅದನ್ನು ಬಳಸಿ, ಫೋನನ್ನು ಪಟ್ಟಿಗೆ 5–8 ಸೆಂ.ಮೀ. ಹತ್ತಿರ ತನ್ನಿ, ಫೋಕಸ್ ಮತ್ತು ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಎರಡನ್ನೂ ಬೀದಿಗೆ ಲಾಕ್ ಮಾಡಿ. ಆಗ ಪಟ್ಟಿ ಮಸುಕಾಗಿ ಬರೀ ನೆರಳಾಗುತ್ತದೆ. ಕ್ಯಾಮೆರಾ ಪಾತ್ರದ ಕಣ್ಣಿನ ಎತ್ತರದಲ್ಲೇ ಇರಲಿ. ಅವಳು ಮಹಡಿಯಲ್ಲಿದ್ದು ನೀವು ಬೀದಿಗಿಳಿದು ತೆಗೆದರೆ ಆ ನೋಟ ಯಾರದ್ದೂ ಅಲ್ಲ. ದುರ್ಬೀನಿನ ಎರಡು ಕಪ್ಪು ವೃತ್ತವನ್ನು ದಯವಿಟ್ಟು ಅಂಟಿಸಬೇಡಿ. ಮುಖ, ಅವಳು ಕಂಡದ್ದು, ಮತ್ತೆ ಮುಖ: ಈ ಮೂರು ಶಾಟ್ ಸಾಕು, ಮೂರನೆಯದು ಎಲ್ಲಕ್ಕಿಂತ ಉದ್ದವಿರಲಿ.

ಮುಖಕ್ಕೆ ನೇರ ಬಲ್ಬ್ ಹಿಡಿದರೆ ಮೂಗಿನ ನೆರಳು ಕೆಡಿಸುತ್ತದೆ. ರಾಯ್ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ ‘ಅಪರಾಜಿತೊ’ (1956) ಚಿತ್ರದ ಕಾಶಿಯ ಮನೆಯ ಸೆಟ್‌ನಲ್ಲಿ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿ, ಬೆಳಕನ್ನು ಅದಕ್ಕೆ ಬಡಿಸಿ ಕೆಳಗಿಳಿಸಿದರು. ನಿಮಗೆ ಒಂದು ಬಿಳಿ ಪಂಚೆ, 50 ವಾಟ್‌ನ ಎಲ್‌ಇಡಿ ಸಾಕು. ಪಂಚೆಯನ್ನು ಕಿಟಕಿಯ ಬದಿಯಲ್ಲೇ ಕಟ್ಟಿ, ಬೆಳಕು ಹೊರಗಿನಿಂದ ಬಂದಂತೆ ಕಾಣಬೇಕು. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಶಟರ್ ವೇಗವನ್ನು 1/50 ಸೆಕೆಂಡಿಗೆ ನಿಲ್ಲಿಸಿ, ಇಲ್ಲದಿದ್ದರೆ ದೀಪ ಮಿಣುಕುವ ಸಾಧ್ಯತೆ ಹೆಚ್ಚು.

ಇನ್ನೊಂದು: ಎದುರು ಮನೆಯ ದೃಶ್ಯಕ್ಕೆ ನಟರನ್ನೇ ನಿಲ್ಲಿಸಿ, ನಿಜವಾದ ನೆರೆಯವರನ್ನು ಬೇಡ. ಹೆಣ್ಣುಮಗಳ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನಡಿ ಅಪರಾಧ, ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು.