ಅಂಗಳದ ಪ್ರಶ್ನೋತ್ತರ: ಮೇಷ್ಟ್ರು ಒಬ್ಬರೇ, ಆಟ ನಾಲ್ಕು

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಕಬಡ್ಡಿ, ಖೊಖೊ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲಕ್ಕೂ ಪಿ.ಟಿ. ಮೇಷ್ಟ್ರು ಒಬ್ಬರೇ. ಹೀಗೆ ಹಲವು ಆಟ ಆಡಿ, ಆಡಿಸಿ ಹೆಸರು ಮಾಡಿದವರು ಇದ್ದಾರಾ?
— ಪದವಿ ವಿದ್ಯಾರ್ಥಿ, ಮದ್ದೂರು

ಉತ್ತರ: ಇದ್ದರು. ಅಮೆರಿಕದ ಅಮೋಸ್ ಅಲೊಂಜೊ ಸ್ಟಾಗ್ (1862–1965). ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವರು), ಜೊತೆಗೆ ಅಮೆರಿಕನ್ ಫುಟ್‌ಬಾಲ್ ಆಟಗಾರ. ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರರನ್ನು ಹೆಸರಿಸುವ ಆಲ್-ಅಮೆರಿಕ ತಂಡದ ಮೊದಲ ಪಟ್ಟಿಯಲ್ಲಿ, 1889ರಲ್ಲಿ, ಅವರ ಹೆಸರಿದೆ. ಮುಂದೆ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಕಲಿಸುತ್ತಿದ್ದಾಗ ಸಹೋದ್ಯೋಗಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದರು. 1892ರ ಮಾರ್ಚ್‌ನಲ್ಲಿ ನಡೆದ ಮೊದಲ ಸಾರ್ವಜನಿಕ ಪಂದ್ಯದಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳಿಗೆ 5-1ರಿಂದ ಸೋತರು. ಆ ಒಂದು ಬುಟ್ಟಿ ಸ್ಟಾಗ್ ಹಾಕಿದ್ದು. ಅದೇ ವರ್ಷ ಶಿಕಾಗೊ ವಿಶ್ವವಿದ್ಯಾಲಯ ಸೇರಿ 1932ರವರೆಗೆ ಫುಟ್‌ಬಾಲ್ ಆಡಿಸಿದರು, ಬೇಸ್‌ಬಾಲ್ ಮತ್ತು ಓಟದ ತಂಡಗಳನ್ನೂ ತಯಾರು ಮಾಡಿದರು. 70 ತುಂಬಿತೆಂದು ಅಲ್ಲಿ ಬಿಡಿಸಿದಾಗ ಮನೆಯಲ್ಲಿ ಕೂರಲಿಲ್ಲ, ಕ್ಯಾಲಿಫೋರ್ನಿಯಾದ ಪೆಸಿಫಿಕ್ ಕಾಲೇಜಿಗೆ ಹೋದರು. 1943ರಲ್ಲಿ, 81ರ ವಯಸ್ಸಿನಲ್ಲಿ, ವರ್ಷದ ಕೋಚ್ ಗೌರವ ಪಡೆದರು.

ಆದರೆ ಅವರಿಗೊಂದು ಅನುಕೂಲವಿತ್ತು. ಅಲ್ಲಿ ಫುಟ್‌ಬಾಲ್ ಚಳಿಗೆ ಮುಂಚೆ ಮುಗಿಯುತ್ತದೆ, ಬೇಸ್‌ಬಾಲ್, ಓಟ ಚಳಿ ಕಳೆದ ಮೇಲೆ. ನಮ್ಮಲ್ಲಿ ಎಲ್ಲ ಅಂತರಕಾಲೇಜು ಪಂದ್ಯಗಳೂ ಪರೀಕ್ಷೆಯ ನಡುವಿನ ಕೆಲವೇ ವಾರಗಳಲ್ಲಿ ಒಟ್ಟಿಗೇ ಬಂದು ಬೀಳುತ್ತವೆ.

ಪ್ರಶ್ನೆ: ಎದುರಾಳಿಯನ್ನು ಹಿಡಿಯುವ ಅಭ್ಯಾಸಕ್ಕೆ ತೂಗುಹಾಕುವ ಮೂಟೆಯೂ ಸ್ಟಾಗ್ ಅವರದೇ ಅಂತೆ. ಕಬಡ್ಡಿಗೆ ಆಗುತ್ತದಾ?
— ಕಬಡ್ಡಿ ಆಟಗಾರ, ಕೆ.ಆರ್. ಪೇಟೆ

ಉತ್ತರ: ಆಗುತ್ತದೆ, ಥೈ ಹೋಲ್ಡ್‌ಗೆ (ತೊಡೆ ಹಿಡಿಯುವುದು) ಮತ್ತು ಡ್ಯಾಶ್‌ಗೆ (ಭುಜ ಕೊಟ್ಟು ಅಂಕಣದಾಚೆ ತಳ್ಳುವುದು). ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಯನ್ನು ಹಿಡಿದು ಬೀಳಿಸುವ ಅಭ್ಯಾಸಕ್ಕೆ ಹಾಸಿಗೆ ಸುತ್ತಿ ನೇತುಹಾಕಿದ ಕೀರ್ತಿ ಅವರಿಗೇ ಸಲ್ಲುತ್ತದೆ. ನೀವು ಗೋಣಿಚೀಲ ಎರಡನ್ನು ಒಂದರೊಳಗೊಂದು ಹಾಕಿ, ತೆಂಗಿನ ನಾರು, ಹಳೇ ಬಟ್ಟೆ ಗಿಡಿದು ತುಂಬಿ, 20 ಕೆ.ಜಿ. ಸಾಕು. ಮರಳು ಬೇಡವೇ ಬೇಡ. ನಾಲ್ಕು ದಿನಕ್ಕೆ ತಳಕ್ಕಿಳಿದು ಕಲ್ಲಾಗುತ್ತದೆ, ಭುಜ ಹೋಗುತ್ತದೆ. ಒಂದೇ ಹಗ್ಗಕ್ಕೆ ಕಟ್ಟಿದರೆ ಮೂಟೆ ಗಿರಗಿರನೆ ತಿರುಗುತ್ತದೆ. ಬಾಯಿಯ ಎರಡು ಮೂಲೆಗೂ ಹಗ್ಗ ಬಿಗಿಯಿರಿ. ತಳ ನೆಲದಿಂದ ಒಂದು ಗೇಣು ಮೇಲಿರಲಿ.

ನುಗ್ಗುವಾಗ ತಲೆ ಮೂಟೆಯ ಪಕ್ಕಕ್ಕೆ, ಗದ್ದ ಎತ್ತಿ. ತಲೆ ತಗ್ಗಿಸಿದರೆ ಪೆಟ್ಟು ಕುತ್ತಿಗೆಗೆ. ಭುಜಕ್ಕೆ 8ರಂತೆ ಮೂರು ಸುತ್ತು. ಆಂಕಲ್ ಹೋಲ್ಡ್ (ಕಾಲಿನ ಹರಡು ಹಿಡಿಯುವುದು) ಮಾತ್ರ ಇದರಲ್ಲಿ ಬರುವುದಿಲ್ಲ, ಮೂಟೆ ಕಾಲು ಕೊಡವುವುದಿಲ್ಲವಲ್ಲ.

ಪ್ರಶ್ನೆ: ಮಗ ಕಬಡ್ಡಿಯ ಜೊತೆ 400 ಮೀಟರ್ ಓಡುತ್ತಾನೆ. ತೊಡೆಯ ಹಿಂಭಾಗ ಪದೇ ಪದೇ ಹಿಡಿದುಕೊಳ್ಳುತ್ತದೆ. ಒಂದನ್ನು ಬಿಡಿಸಲೇ?
— ಪೋಷಕರು, ಸರಸ್ವತಿಪುರಂ, ಮೈಸೂರು

ಉತ್ತರ: ಈಗಲೇ ಬೇಡ. ಬೆಳಿಗ್ಗೆ ಓವಲ್ ಮೈದಾನದಲ್ಲಿ ವೇಗದ ಓಟ, ಸಂಜೆ ಕಬಡ್ಡಿ ಪಂದ್ಯ ಎಂದಿದ್ದರೆ ದಣಿದ ಸ್ನಾಯು ಕೊನೆಯ ರೈಡ್‌ನಲ್ಲೇ ಸೆಳೆಯುವುದು. ಸೋಮವಾರ, ಶುಕ್ರವಾರ 200 ಮೀಟರ್ ಐದು ಸಲ, ನಡುವೆ ನಾಲ್ಕು ನಿಮಿಷ ಬಿಡುವು; ಬುಧವಾರ ಪಂದ್ಯ; ಮಿಕ್ಕ ದಿನ ಹಗುರ ಅಭ್ಯಾಸ, ಒಂದು ದಿನ ಪೂರ್ತಿ ರಜೆ. ಇದೆಲ್ಲ ನೋವು ಪೂರ್ತಿ ಹೋದ ಮೇಲೆ. ನಡೆಯುವಾಗಲೂ ನೋವಿದ್ದರೆ, ಚರ್ಮ ನೀಲಿಗಟ್ಟಿದ್ದರೆ ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಎಣ್ಣೆ ತಿಕ್ಕಿಸಬೇಡಿ.