ಸ್ಮೋಕರ್‌ನ ತಿರುಗು ತಟ್ಟೆಗೆ ತೂಕ ಹೊಂದಿಸುವುದು ಹೇಗೆ?

ಪ್ರಶ್ನೆ: ಮೇಡಂ, ಹೊಗೆಯಲ್ಲಿ ಮಾಂಸ ಬೇಯಿಸುವ ನಮ್ಮ ಡ್ರಮ್ ಸ್ಮೋಕರ್‌ಗೆ ಮೋಟಾರ್‌ನಿಂದ ತಿರುಗುವ ನಾಲ್ಕು ತೂಗು ತಟ್ಟೆ ಹಾಕಿಸಿದ್ದೇನೆ. ಕುರಿ ತೊಡೆ, ಇಡೀ ಕೋಳಿ ಎರಡನ್ನೂ ಒಟ್ಟಿಗೆ ಇಡುತ್ತೇನೆ. ಒಂದು ಕಡೆ ಸರ್ರನೆ ಇಳಿಯುತ್ತದೆ, ಮೇಲೆ ಹತ್ತುವಾಗ ಮೋಟಾರ್ ಮುಲುಗುತ್ತದೆ. ಕೋಳಿ ಚರ್ಮ ಬೇರೆ ರಬ್ಬರ್ ಥರ ಆಗುತ್ತಿದೆ. ತಿರುಗಿಸಿದರೆ ಗರಿಗರಿ ಆಗಬೇಕಲ್ವಾ?
– ಓದುಗರು, ಮಂಡ್ಯ

ಉತ್ತರ: ನಿಮ್ಮ ಮೋಟಾರ್ ಬದಲಾಯಿಸುವ ಮೊದಲು ತೂಕ ನೋಡಿ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಜೈಂಟ್ ವೀಲ್‌ಗೆ ಜನ ಹತ್ತಿಸುವುದನ್ನು ನೋಡಿರುತ್ತೀರಿ. ಒಂದೇ ಕಡೆ ತುಂಬಿಸುವುದಿಲ್ಲ, ಎದುರುಬದುರು ಕೂರಿಸುತ್ತಾರೆ. ನೀವೂ ಹಾಗೇ ಮಾಡಿ. ಬೆಂಕಿ ಹಚ್ಚುವ ಮೊದಲೇ ಮಾಂಸ ಇಟ್ಟು, ಮೋಟಾರ್ ಕಳಚಿ, ಕೈಯಲ್ಲಿ ತಿರುಗಿಸಿ ಬಿಡಿ. ಬಿಟ್ಟ ಜಾಗದಲ್ಲೇ ನಿಂತರೆ ಸರಿ. ಪ್ರತಿ ಸಲ ಒಂದೇ ತಟ್ಟೆ ಕೆಳಗೆ ಬಂದು ನಿಂತರೆ ಅದೇ ಭಾರದ ಕಡೆ.

ಎದುರಿಗೆ ಕಲ್ಲೋ ಕಬ್ಬಿಣವೋ ಇಟ್ಟು ಸರಿದೂಗಿಸಲು ಹೋಗಬೇಡಿ. ಮಾಂಸ ಬೇಯುತ್ತಾ ನೀರು, ಕೊಬ್ಬು ಬಿಟ್ಟು ಹಗುರವಾಗುತ್ತದೆ, ಕಬ್ಬಿಣ ಆಗುವುದಿಲ್ಲ. ಎರಡು ಗಂಟೆ ಕಳೆದರೆ ಮತ್ತೆ ಅದೇ ಮುಲುಗಾಟ. ತೊಡೆಯ ಎದುರು ತೊಡೆ, ಕೋಳಿಯ ಎದುರು ಕೋಳಿ ಇರಲಿ. ತೆಗೆಯುವಾಗಲೂ ಜೋಡಿಯಾಗಿಯೇ ತೆಗೆಯಿರಿ.

ಆದರೆ ಕುರಿ, ಕೋಳಿ ಒಟ್ಟಿಗೆ ದಯವಿಟ್ಟು ಬೇಡ. ಈ ತಟ್ಟೆಗಳಲ್ಲಿ ಎಲ್ಲವೂ ಎಲ್ಲದರ ಮೇಲೆ ತೊಟ್ಟಿಕ್ಕುತ್ತದೆ. ಹಸಿ ಕೋಳಿಯ ನೀರು ಬೆಂದ ಮಾಂಸದ ಮೇಲೆ ಬೀಳಬಾರದು. ಎರಡಕ್ಕೂ ಬೇಕಾದ ಶಾಖವೂ ಬೇರೆ. ತಿರುಗಿಸುವುದರಿಂದ ಮಾಂಸ ಎಲ್ಲ ಕಡೆ ಒಂದೇ ಸಮ ಬೇಯುತ್ತದೆ, ಪದೇ ಪದೇ ಮುಚ್ಚಳ ತೆಗೆಯುವ ಕೆಲಸವೂ ಉಳಿಯುತ್ತದೆ. ಗರಿಗರಿ ಮಾಡುವುದು ಮಾತ್ರ ಶಾಖ. 110 ಡಿಗ್ರಿಯಲ್ಲಿ ಚರ್ಮದ ಕೊಬ್ಬು ಸರಿಯಾಗಿ ಕರಗುವುದಿಲ್ಲ. ಕೋಳಿಗೆ ಉಪ್ಪು ಸವರಿ, ಮುಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಚರ್ಮ ಒಣಗಿಸಿ. ಆಮೇಲೆ 150 ಡಿಗ್ರಿ ದಾಟಿಸಿ ಬೇಯಿಸಿ. ತೊಡೆಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು.

ಕುರಿಗೆ 110ರಿಂದ 120 ಡಿಗ್ರಿ ಸಾಕು. ನಿಮ್ಮ ಕಡೆ ಬನ್ನೂರು ಕುರಿ ಸಿಗುತ್ತದೆ, ಅದೇ ತನ್ನಿ. ಅದರ ಕೊಬ್ಬಿನ ರುಚಿ ನನಗಂತೂ ಬೇರೆ ಯಾವ ಕುರಿಯಲ್ಲೂ ಸಿಕ್ಕಿಲ್ಲ. ಈ ತಟ್ಟೆಗಳಿಗೆ ತೊಡೆಗಿಂತ ಮುಂಗಾಲಿನ ಮೇಲ್ಭಾಗ ವಾಸಿ. ಕರಗಿದ ಕೊಬ್ಬು ಕೆಳಗಿನ ತಟ್ಟೆಯ ಮಾಂಸವನ್ನು ನೆನೆಸುತ್ತಲೇ ಇರುತ್ತದೆ. ಒಳಗೆ 90 ಡಿಗ್ರಿ ದಾಟಿದ ಮೇಲೆ ಮೂಳೆಯಿಂದ ಸುಲಭವಾಗಿ ಬಿಡುತ್ತದೆ. ಕೆಂಡದ ಮೇಲೆ ಒಂದು ಅಗಲ ಟ್ರೇ ಇಡುವುದನ್ನು ಮರೆಯಬೇಡಿ, ಕೊಬ್ಬು ನೇರ ಬೆಂಕಿಗೆ ಬಿದ್ದರೆ ಜ್ವಾಲೆ ಏಳುತ್ತದೆ.

ಸೌದೆಗೆ ಒಣಗಿದ ಮಾವು ಅಥವಾ ಸೀಬೆ. ನೀಲಗಿರಿ, ಬಣ್ಣ ಬಳಿದ ಹಲಗೆ ಬೇಡವೇ ಬೇಡ. ತೂಕ ನೋಡಿದ ಮೇಲೆ ಮಾಂಸ ಹೊರಗೆ ತೆಗೆದು ಬೆಂಕಿ ಹಚ್ಚಿ; ದಟ್ಟ ಬಿಳಿ ಹೊಗೆ ತಿಳಿಯಾಗುವವರೆಗೂ ಮತ್ತೆ ಇಡಬೇಡಿ, ಕಹಿ ಹತ್ತುತ್ತದೆ. ನಡುವೆ ಕರೆಂಟ್ ಹೋದರೆ ಗಾಳಿಕಿಂಡಿ ಸ್ವಲ್ಪ ಕಿರಿದು ಮಾಡಿ, ಆಗಾಗ ಹೊರಗಿನಿಂದ ಕೈಯಲ್ಲೇ ಕಾಲು ಸುತ್ತು ತಿರುಗಿಸುತ್ತಿರಿ. ತೂಕ ಸರಿ ಇದ್ದರೆ ಬೆರಳಲ್ಲೇ ತಿರುಗುತ್ತದೆ.